ಹಿಂಡಿ ಅಂದೆನಲ್ಲ, ಹಿಂಡಿದಿರಾ?

ನಮಸ್ಕಾರ, ಎಲ್ಲರದೂ ಊಟ ಆಯ್ತಾ? ನನ್ನದು ಇನ್ನೂ ಆಗಿಲ್ಲ. ಒಂದು ಕಾಮೆಂಟು ನೋಡಿ ಹಸಿವೇ ಹೋಯಿತು. ಓದುತ್ತೇನೆ, ಕೇಳಿ. "ಮೇಡಂ, ನೀವು ಹೇಳಿದ ಹಾಗೇ ಸ್ಪನಕೋಪಿತಾ ಮಾಡಿದೆ. ಮೇಲೆ ಗರಿಗರಿ, ತಳ ಅಂಬಲಿ. ನಿಮ್ಮ ರೆಸಿಪಿ ಸರಿ ಇಲ್ಲ."

ರೆಸಿಪಿ ಸರಿ ಇಲ್ಲವಂತೆ! ನಾನು ಕೇಳಿದ್ದು ಒಂದೇ ಪ್ರಶ್ನೆ. ಸೊಪ್ಪು ಹಿಂಡಿದಿರಾ? ಉತ್ತರ ಬಂತು: "ಸ್ವಲ್ಪ."

ಸ್ವಲ್ಪ ಅಂದರೆ ಏನು ಸ್ವಾಮಿ?

ಹೊಸಬರಿಗೆ ಹೇಳಿಬಿಡುತ್ತೇನೆ. ಸ್ಪನಕೋಪಿತಾ ಅಂದರೆ ಗ್ರೀಸ್‌ನ ಪಾಲಕ್ ಪೈ. ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಹಾಳೆಗಳು, ಹೆಸರು ಫಿಲೋ. ಗ್ರೀಕಿನಲ್ಲಿ ಎಲೆ ಅಂತ ಅರ್ಥ. ಒಂದೊಂದಕ್ಕೂ ಆಲಿವ್ ಎಣ್ಣೆ ಸವರಿ ತಟ್ಟೆಯಲ್ಲಿ ಹಾಸಬೇಕು. ನಡುವೆ ಪಾಲಕ್, ಈರುಳ್ಳಿ ಸೊಪ್ಪು, ಫೆಟಾ ಅನ್ನುವ ಗ್ರೀಕ್ ಚೀಸ್, ಮೊಟ್ಟೆ, ಕೈತುಂಬ ಸಬ್ಬಸಿಗೆ. ಹೌದು, ನಮ್ಮದೇ ಸಬ್ಬಸಿಗೆ! ಅಥೆನ್ಸ್‌ನ ವಾರದ ಸಂತೆಯಲ್ಲಿ ಮೊದಲ ಸಲ ಆ ವಾಸನೆ ಬಂದಾಗ, ಗಾಂಧಿ ಬಜಾರಿಗೆ ಬಂದುಬಿಟ್ಟೆನಾ ಅಂತ ತಿರುಗಿ ನೋಡಿದ್ದೆ.

ಈಗ ಲೆಕ್ಕ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 91 ಗ್ರಾಂ ನೀರೇ. ಒಂದು ಕೆಜಿ ಸೊಪ್ಪು ತಂದಿರಿ ಅಂದರೆ 900 ಮಿಲಿಗಿಂತ ಜಾಸ್ತಿ ನೀರು ತಂದಿರಿ. ಅದನ್ನು ಕಾಗದದ ಮೇಲೆ ಸುರಿದು ಗರಿಗರಿ ಆಗು ಅಂದರೆ ಆಗುತ್ತದಾ?

ಅಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಒಬ್ಬರು ಯಾಯಾ ಇದ್ದರು. ಯಾಯಾ ಅಂದರೆ ಅಜ್ಜಿ. ಎಪಿರಸ್ ಕಡೆಯವರು, ಪಿತಾಗಳಿಗೇ, ಅಂದರೆ ಇಂಥ ಪೈಗಳಿಗೇ ಹೆಸರಾದ ಬೆಟ್ಟದ ಸೀಮೆ ಅದು. ಹೆಚ್ಚಿದ ಸೊಪ್ಪಿಗೆ ಉಪ್ಪು ಹಾಕಿ ಕೈಯಲ್ಲೇ ಕಿವುಚುತ್ತಿದ್ದರು. ಕೋಸಂಬರಿಗೆ ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುತ್ತದಲ್ಲ, ಅದೇ ವಿದ್ಯೆ. ಆಮೇಲೆ ಒಂದೊಂದೇ ಹಿಡಿ ತೆಗೆದು ಹಿಂಡುವುದು. ಹಸಿರು ನೀರು ಮೊಣಕೈವರೆಗೆ ಇಳಿಯುತ್ತಿತ್ತು. ನಾನೂ ಒಂದು ಉಂಡೆ ಹಿಂಡಿ ಇಟ್ಟೆ. ಅವರು ಅದನ್ನೇ ಎತ್ತಿಕೊಂಡು ಇನ್ನೊಮ್ಮೆ ಹಿಂಡಿದರು. ಮತ್ತೆ ಧಾರೆ! ಆಮೇಲೆ ಏನೋ ಅಂದರು. ನನಗೆ ಗ್ರೀಕ್ ಬರುತ್ತಿರಲಿಲ್ಲ, ಬೈದದ್ದು ಮಾತ್ರ ಅರ್ಥವಾಯಿತು.

ಈ ಅಜ್ಜಿ ಇಷ್ಟವಾಗಿದ್ದರೆ ಸಬ್‌ಸ್ಕ್ರೈಬ್ ಒತ್ತಿ. ಅಜ್ಜಿಗೋಸ್ಕರ ಒತ್ತಿ.

"ಒಂದೊಂದು ಮನೆಯಲ್ಲಿ ಒಂದೊಂದು ತರಹ ಮಾಡುತ್ತಾರಲ್ಲ ಮೇಡಂ?" ಮಾಡುತ್ತಾರೆ. ಯಾಕೆ? ನೀರಿಗೆ ಹೆದರಿ! ಒಬ್ಬರು ತಳದ ಹಾಳೆಯ ಮೇಲೆ ರವೆ ಉದುರಿಸುತ್ತಾರೆ. ಇನ್ನೊಬ್ಬರು ಒಂದು ಹಿಡಿ ಅಕ್ಕಿ. ಮತ್ತೊಬ್ಬರು ತ್ರಹಾನಾ, ಅಂದರೆ ಗೋಧಿಗೆ ಹುಳಿ ಹಾಲು ಸೇರಿಸಿ ಒಣಗಿಸಿಟ್ಟ ನುಚ್ಚು. ಎಲ್ಲದರ ಕೆಲಸವೂ ನೀರು ಕುಡಿಯುವುದು. ಎಪಿರಸ್‌ನಲ್ಲಿ ಬ್ಲಾತ್ಸರ್ಯಾ ಅಂತ ಇನ್ನೊಂದಿದೆ. ಅದಕ್ಕೆ ಫಿಲೋ ಇಲ್ಲವೇ ಇಲ್ಲ, ಕೆಳಗೂ ಮೇಲೂ ಮೆಕ್ಕೆಜೋಳದ ಹಿಟ್ಟು. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಫೆಟಾನೂ ಇಲ್ಲ, ಮೊಟ್ಟೆಯೂ ಇಲ್ಲ, ಸೊಪ್ಪು, ಎಣ್ಣೆ ಅಷ್ಟೇ. ಹೂರಣ ಹಿಡಿದಿಡಲು ಏನೂ ಇಲ್ಲ. ಆಗಂತೂ ಇನ್ನೂ ಜೋರಾಗಿ ಹಿಂಡಬೇಕು!

"ಓವನ್‌ನಲ್ಲಿ ಆವಿಯಾಗಿ ಹೋಗುತ್ತದಲ್ಲ?" ಎಲ್ಲಿಂದ ಹೋಗಬೇಕು? ಮೇಲೆ ಆರು ಹಾಳೆ ಹೊದಿಸಿ ಮಲಗಿಸಿದ್ದೀರಿ. ಬೇಯಿಸುವ ಮೊದಲೇ ಮೇಲಿನ ಹಾಳೆಗಳನ್ನು ಚಾಕುವಿನಲ್ಲಿ ತುಂಡುತುಂಡಾಗಿ ಗೀರಬೇಕು, 180 ಡಿಗ್ರಿಯಲ್ಲಿ 45-50 ನಿಮಿಷ ಇಡಬೇಕು. ಎಲ್ಲ ಸರಿ. ಅಷ್ಟರಿಂದ ಒಂದು ಕೆರೆ ಬತ್ತುವುದಿಲ್ಲ.

"ಹಿಂಡಿದರೆ ಸತ್ವ ಹೋಗುತ್ತೆ." ಅಯ್ಯೋ ದೇವರೇ. ಹಾಗಾದರೆ ಆ ನೀರನ್ನು ಸಾರಿಗೆ ಹಾಕಿ, ಬೇಡ ಅಂದವರು ಯಾರು?

"ಪನೀರ್ ಹಾಕಬಹುದಾ?" ಹಾಕಿ, ಪನೀರ್ ಪೈ ಅನ್ನಿ. 2002ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಫೆಟಾ ಅನ್ನುವ ಹೆಸರು ಗ್ರೀಸ್‌ನದ್ದಕ್ಕೆ ಮಾತ್ರ. ಕನಿಷ್ಠ 70% ಕುರಿ ಹಾಲು ಇರಬೇಕು, ಉಳಿದದ್ದು ಮೇಕೆಯದು. ಉಪ್ಪುನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ನೋಡಿ, ಅಲ್ಲಿಂದಲೂ ನೀರು! ಅದನ್ನೂ ಬಸಿಯಿರಿ!

ಅದಕ್ಕೇ ಹೇಳುವುದು, ಹಿಂಡಿ. ಯಾಕೆ ಅಂದರೆ... ಎಷ್ಟು ಸಲ ಹೇಳಲಿ, ಹಿಂಡಿ ಅಷ್ಟೇ. ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಹಿಂಡಿ. ಮನೆಯಲ್ಲಿ ಜಿಮ್‌ಗೆ ಹೋಗುವವರಿದ್ದರೆ ಅವರ ಕೈಗೆ ಕೊಟ್ಟು ಹಿಂಡಿಸಿ, ಸುಮ್ನೆ ಕನ್ನಡಿ ಮುಂದೆ ನಿಲ್ಲುವ ಬದಲು. ಯಾರ ಮೇಲಾದರೂ ಸಿಟ್ಟಿದ್ದರೆ ಅವರನ್ನು ನೆನೆಸಿಕೊಂಡು ಹಿಂಡಿ. ನಾನು ಇವತ್ತು ಆ ಕಾಮೆಂಟನ್ನು ನೆನೆಸಿಕೊಂಡು ಹಿಂಡಿದೆ. ಒಂದು ಕೆಜಿ ಸೊಪ್ಪು, ಎರಡು ಉಂಡೆ ಆಗಿದೆ.

"ಹಿಂಡಿ" ಅಂತ ಬರೆಸಿದ ಏಪ್ರನ್ ಬೇಕಾದವರು ಕೆಳಗೆ ಹೇಳಿ. ಹತ್ತು ಜನ ಆದರೆ ಮಾಡಿಸುತ್ತೇನೆ. ಬೆಲೆ ಕೇಳಿ ಮಾಯವಾಗಬೇಡಿ, ಕಳೆದ ಸಲ ಮಗ್‌ಗೆ ಹಾಗೇ ಮಾಡಿದಿರಿ.

ಮುಂದಿನ ವಾರ ಪ್ರಾಸೋಪಿತಾ, ಲೀಕ್ ಅನ್ನುವ ಈರುಳ್ಳಿ ಜಾತಿಯ ತರಕಾರಿಯದ್ದು. ಅದನ್ನೂ ಹಿಂಡಬೇಕಾ ಅಂತ ಈಗಲೇ ಶುರು ಮಾಡಬೇಡಿ. ಓವನ್ ಕೂಗುತ್ತಿದೆ, ಬಂದೆ ಇರಿ.