ಬೀದರಿನ ಚಳಿಗೊಂದು ರ‍್ಯಾಗ್ಲನ್ ಸ್ವೆಟರ್

ರ‍್ಯಾಗ್ಲನ್ ಅಂದರೆ ತೋಳಿನ ಗೆರೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ಸ್ವೆಟರ್. ಮೇಲಿನಿಂದ ಕೆಳಕ್ಕೆ ಹೆಣೆಯುತ್ತಿದ್ದೇನೆ, ಕುತ್ತಿಗೆಪಟ್ಟಿ ಮುಗಿದಿದೆ. ಅದನ್ನೆಲ್ಲ ತೋರಿಸಿ ನಿಮಗೆ ನಿದ್ದೆ ಬರಿಸುವುದಿಲ್ಲ. ಕಡ್ಡಿಯ ಮೇಲಿನ ನಾಲ್ಕು ಕೆಂಪು ರಿಂಗುಗಳನ್ನು ನೋಡಿ. ಮುಂಭಾಗ, ಬೆನ್ನು, ಎರಡು ತೋಳು, ಇವುಗಳ ಗಡಿ ಅವು. ಪ್ರತಿ ರಿಂಗಿನ ಎರಡೂ ಬದಿಗೆ ಒಂದೊಂದು ಕುಣಿಕೆ ಹೆಚ್ಚಿಸಬೇಕು, ಅಂದರೆ ಸುತ್ತಿಗೆ ಎಂಟು. ಮರುಸುತ್ತಿನಲ್ಲಿ ಹೆಚ್ಚಿಸುವಂತಿಲ್ಲ. ಕಂಕುಳಿನವರೆಗೂ ಇದೇ ಕ್ರಮ. ಬಿಡಿ ತುಂಡುಗಳನ್ನು ಹೆಣೆದು ಆಮೇಲೆ ಹೊಲಿಯುವ ತಾಪತ್ರಯ ನನಗೆ ಬೇಡವೇ ಬೇಡ.

ಕಲಬುರಗಿಯ ಅಕ್ಕ ಕೇಳುತ್ತಾಳೆ, "ಈ ಸೀಮೆಯಲ್ಲಿ ಸ್ವೆಟರ್ ಯಾರಿಗೆ ಬೇಕು, ತಂಗಿ?" ಅವಳೂರಿನ ಬಿಸಿಲಿಗೆ ಆ ಮಾತು ಸರಿ. ಬೀದರ್ ಇರುವುದು 2,200 ಅಡಿಗೂ ಮೇಲೆ. ಡಿಸೆಂಬರಿನಲ್ಲಿ ಬೆಳಗಿನ ಜಾವ ಕೋಟೆಯ ಕಡೆ ಒಂದು ಸುತ್ತು ಬಂದು ಆಮೇಲೆ ಮಾತನಾಡಲಿ.

ಇನ್ನು ದಾರದ ಗೋಳು. ಉಂಡೆಯ ಲೇಬಲ್ಲಿನಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ ಇರುತ್ತದೆ. ಬಣ್ಣ ಅದೇ ಆದರೂ ಬೇರೆ ಬೇರೆ ಸಲ ಅದ್ದಿದ ದಾರದಲ್ಲಿ ಛಾಯೆ ಒಂದಿಷ್ಟು ಬದಲಾಗುತ್ತದೆ. ನಾನು ಹೋದ ಅಂಗಡಿಯವರು, ಹೆಸರು ಬೇಡ ಬಿಡಿ, ಲೇಬಲ್ಲುಗಳನ್ನೇ ಕಿತ್ತೆಸೆದು ಉಂಡೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ್ದರು! ಲಾಟ್ ಯಾವುದು ಎಂದರೆ, "ಬೂದಿ ಬಣ್ಣ ಬೂದಿ ಬಣ್ಣವೇ ಅಲ್ಲವೇ ಅಕ್ಕಾ?" ಬಾಗಿಲಿಗೆ ತಂದು ಬಿಸಿಲಿನಲ್ಲಿ ಹಿಡಿದೆ. ಒಂದು ನೀಲಿಯ ಕಡೆಗೆ, ಇನ್ನೊಂದು ಕಂದಿನ ಕಡೆಗೆ. ಅವರ ಕಣ್ಣಿಗೆ ಎರಡೂ ಒಂದೇ. ಒಮ್ಮೆ ಒಗೆದರೆ ಸರಿಹೋಗುತ್ತದಂತೆ. ಒಗೆದರೆ ಸರಿಹೋಗುವುದಾದರೆ ಲಾಟ್ ಸಂಖ್ಯೆ ಅಚ್ಚು ಹಾಕುವವರಿಗೆ ಬೇರೆ ಕೆಲಸವಿರಲಿಲ್ಲವೇ? ಬೆಲೆಯಲ್ಲಾದರೂ ಹತ್ತು ರೂಪಾಯಿ ಬಿಡಿ ಎಂದರೆ ಕೇಳಿಸಲೇ ಇಲ್ಲ, ಮಕ್ಕಳ ಟೊಪ್ಪಿಗೆ ತೋರಿಸತೊಡಗಿದರು. ಊರಿನಲ್ಲಿ ಈ ದಪ್ಪದ ದಾರ ಇನ್ನೆಲ್ಲೂ ಕಾಣದೆ ತಂದಿದ್ದೇನೆ. ಅದಕ್ಕೇ ಈಗ ಎರಡು ಸುತ್ತು ಈ ಉಂಡೆಯಿಂದ, ಎರಡು ಸುತ್ತು ಆ ಉಂಡೆಯಿಂದ. ಛಾಯೆಗಳು ಬೆರೆಯುತ್ತವೆ, ದಾರಗಳು ಮಾತ್ರ ಓರಗಿತ್ತಿಯರ ಹಾಗೆ ಮಾತುಮಾತಿಗೆ ಸಿಕ್ಕಿಬೀಳುತ್ತವೆ.

ಕಪ್ಪು ದಾರವನ್ನೇ ತರಬಹುದಿತ್ತಲ್ಲ ಎನ್ನಬೇಡಿ. ಕಪ್ಪು ಬಿದರಿ ಹೂಜಿಗೆ ಒಪ್ಪುತ್ತದೆ. ಕೋಟೆಯ ಮಣ್ಣು, ನವಸಾಗರ ಸೇರಿ ಸತು ತಾಮ್ರದ ಲೋಹ ಕಪ್ಪಾದರೂ ಬೆಳ್ಳಿ ಹಾಗೆಯೇ ಉಳಿಯುತ್ತದೆ, ಚಿತ್ತಾರ ಎದ್ದು ಕಾಣುತ್ತದೆ. ಸ್ವೆಟರಿನಲ್ಲಿ ಬೆಳ್ಳಿ ಎಲ್ಲಿದೆ? ಉಬ್ಬುತಗ್ಗಿನ ನೆರಳೇ ಇಲ್ಲಿ ಚಿತ್ತಾರ, ಕಪ್ಪಿನಲ್ಲಿ ಅದು ಮುಳುಗಿಹೋಗುತ್ತದೆ. ಬಿದರಿಯ ಬೆಲೆ ಈಗ... ಇರಲಿ, ಕಡ್ಡಿಯ ಮೇಲೆ ಕೆಂಪು ರಿಂಗ್ ಬಂತು.

ಇಲ್ಲಿ ಗಮನಿಸಿ. ಒಂದು ಸೀದಾ (ನಯವಾಗಿ ಕಾಣುವ ಕುಣಿಕೆ), ಒಂದು ಉಲ್ಟಾ (ಉಬ್ಬಿ ಕಾಣುವ ಕುಣಿಕೆ), ಮುಂದಿನ ಸುತ್ತಿನಲ್ಲಿ ಅದಲುಬದಲು, ಇದು ಮಾಸ್, ಅಂದರೆ ಪಾಚಿ ವಿನ್ಯಾಸ. ಅಂಚಿನಲ್ಲಿ ಕುಣಿಕೆ ಹೆಚ್ಚಿದೊಡನೆ ಬಾಯಿಲೆಕ್ಕ ಕೈಕೊಡುತ್ತದೆ. ಲೆಕ್ಕ ಬಿಟ್ಟು ಕೆಳಗಿನ ಕುಣಿಕೆ ನೋಡಿ. ಅದು ಉಬ್ಬಿದ್ದರೆ ಅದರ ಮೇಲೆ ಸೀದಾ ಹೆಣೆಯಿರಿ, ನಯವಾಗಿದ್ದರೆ ಉಲ್ಟಾ. ದಾರವನ್ನು ಹಿಂದೆ ಮುಂದೆ ಎಳೆದೂ ಎಳೆದೂ ಬೆರಳು ನೋಯುತ್ತದೆ, ಇದನ್ನು ಕಂಡುಹಿಡಿದವರಿಗೆ ಶಿಕ್ಷೆಯಾಗಬೇಕು. ತಾಳಿ, ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಅಬ್ಬಾ! ಶಿಕ್ಷೆ ಬೇಡ, ಸನ್ಮಾನವೇ ಆಗಲಿ.

ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಟ್ಟಿದ್ದೇನೆ, ಕಂಕುಳಲ್ಲಿ ಕೆಲವು ಹೊಸ ಕುಣಿಕೆಗಳನ್ನು ಹಾಕಿದ್ದೇನೆ. ಅಲ್ಲಿ ಸಣ್ಣ ತೂತು ಕಂಡರೆ ಗಾಬರಿಯಾಗಬೇಡಿ, ಕೊನೆಗೆ ಉಳಿದ ದಾರದ ತುದಿಯಿಂದ ಮುಚ್ಚುತ್ತೇನೆ. ಮೈಭಾಗ ಮುಂದಿನ ವಿಡಿಯೊದಲ್ಲಿ, ಬ್ಯಾಟರಿ ಮುಗಿಯಿತು.