ಒಂದು ಹತ್ತಿದರೆ ಎರಡು ಇಳಿಯಬೇಕು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆ ಅಲ್ವಾ? ಸರಿ, ಹಾಗಾದರೆ ಮೊದಲು ಈ ಎರಡು ಬಾಟಲಿ ನೋಡಿ. ಎರಡರಲ್ಲೂ ಇರುವುದು ಇದೇ ದಾವಣಗೆರೆಯ ನಮ್ಮ ಮನೆ ಬೋರ್‌ವೆಲ್ ನೀರು. ಸೋಪು ಕೆರೆದು ಕರಗಿಸಿದ ನೀರನ್ನು ಹತ್ತತ್ತು ಹನಿ ಹಾಕಿ ಅಲ್ಲಾಡಿಸುತ್ತೇನೆ. ಎಡಗೈಯಲ್ಲಿರುವುದರಲ್ಲಿ ನೊರೆಯೇ ಇಲ್ಲ, ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲುತ್ತಿವೆ. ಬಲಗೈಯದರಲ್ಲಿ ಕತ್ತಿನವರೆಗೂ ನೊರೆ. ಅದು ಸಾಫ್ಟ್‌ನರ್, ಅಂದರೆ ಗಡಸು ನೀರನ್ನು ಮೆತ್ತಗೆ ಮಾಡುವ ಯಂತ್ರ, ದಾಟಿ ಬಂದ ನೀರು.

ಇದನ್ನು ಮನೆಗೆ ಕೂರಿಸಿದ ವಾರವೇ ಪಕ್ಕದ ಮನೆಯವರು ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಮೀಟರ್, ಹಿಡಿದುಕೊಂಡು ಬಂದರು. ಮುಂಚಿನ ನೀರಿಗೆ ಅದ್ದಿದರು, ಆಮೇಲಿನದಕ್ಕೆ ಅದ್ದಿದರು. ಅಂಕಿ ಇಳಿದಿರಲಿಲ್ಲ. ‘ಮೇಷ್ಟ್ರೇ, ಫಿಲ್ಟರ್ ಅಂತ ನಂಬಿ ಮೋಸ ಹೋದ್ರಲ್ಲಾ’ ಅಂದರು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನಿಗೆ ಈ ಮಾತು!

ಮೀಟರ್ ತಪ್ಪು ಹೇಳಿರಲಿಲ್ಲ, ನಾನೂ ಮೋಸ ಹೋಗಿರಲಿಲ್ಲ. ತಪ್ಪು ಇದ್ದದ್ದು ‘ಫಿಲ್ಟರ್’ ಅನ್ನುವ ಪದದಲ್ಲಿ. ನಾವು ಟೀ ಸೋಸುತ್ತೇವೆ, ಚರಟ ಮೇಲೆ ಉಳಿಯುತ್ತದೆ, ಟೀ ಕೆಳಗೆ ಬರುತ್ತದೆ. ಸಾಫ್ಟ್‌ನರ್ ಸೋಸುವುದಿಲ್ಲ, ಅದಲುಬದಲು ಮಾಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಅಯಾನು ವಿನಿಮಯ ಎನ್ನುತ್ತಾರೆ, ಅಯಾನು ಅಂದರೆ ವಿದ್ಯುತ್ ಚಾರ್ಜು ಹೊತ್ತ ಕಣ, ಮತ್ತು ಆ ವಿನಿಮಯ ಅನ್ನುವ ಪದ ನನಗೆ ತುಂಬ ಇಷ್ಟ, ಯಾಕೆಂದರೆ ಕೊಡದೆ ತಗೊಳ್ಳೋ ಹಾಗಿಲ್ಲ ಅನ್ನುವುದು ಅದರೊಳಗೇ ಇದೆ.

ಈ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ. ಜೇನಿನ ಬಣ್ಣದ ಕಾಳು, ರಾಗಿಗಿಂತ ಸಣ್ಣದು. ಇದೇ ರೆಸಿನ್, ನಮ್ಮ ಪಠ್ಯಪುಸ್ತಕದ ಭಾಷೆಯಲ್ಲಿ ರಾಳ. ಮೂಲ ಸಾಮಾನು ಪಾಲಿಸ್ಟೈರೀನ್, ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಬಿಳಿ ಥರ್ಮಾಕೋಲ್, ಅದರದೇ ಜಾತಿ. ಒಂದೊಂದು ಕಾಳೂ ಒಳಗೆ ಬಲೆಯ ಹಾಗೆ ಹೆಣೆದುಕೊಂಡಿದೆ. ಬಲೆಯ ಉದ್ದಕ್ಕೂ ಸಲ್ಫೋನಿಕ್ ಗುಂಪುಗಳಿವೆ. ಅವಕ್ಕೆ ಋಣ ಚಾರ್ಜು, ಅವು ಅಲ್ಲಾಡುವುದಿಲ್ಲ. ಬಸ್ಸಿನ ಸೀಟು ಅಂದುಕೊಳ್ಳಿ. ಸೀಟಿನ ಮೇಲೆ ಕೂತವರು ಸೋಡಿಯಂ ಅಯಾನುಗಳು, ಧನ ಚಾರ್ಜಿನವು, ಒಬ್ಬೊಬ್ಬರಿಗೆ ಒಂದೊಂದು ಸೀಟು. ಗಡಸು ನೀರು, ಅಂದರೆ ಕ್ಯಾಲ್ಸಿಯಂನಂಥವು ಜಾಸ್ತಿ ಕರಗಿರುವ ನೀರು, ಹರಿದಾಗ ಕ್ಯಾಲ್ಸಿಯಂ ಹತ್ತುತ್ತದೆ. ಅದಕ್ಕೆ ಎರಡು ಚಾರ್ಜು, ಹಾಗಾಗಿ ಎರಡು ಸೀಟು ಬೇಕು. ಇಬ್ಬರು ಸೋಡಿಯಂ ಇಳಿಯಲೇಬೇಕು. ಈಗ ಪರಮಾಣು ತೂಕದಲ್ಲಿ ಲೆಕ್ಕ ಹಾಕಿ: ಒಂದು ಕ್ಯಾಲ್ಸಿಯಂ 40, ಎರಡು ಸೋಡಿಯಂ 46. ನೀರಿನಿಂದ 40 ಹೋಯಿತು, ನೀರಿಗೆ 46 ಬಂತು. ಮೀಟರ್ ಹೇಗೆ ಇಳಿಯುತ್ತದೆ ಹೇಳಿ?

ಸೀಟೆಲ್ಲ ಕ್ಯಾಲ್ಸಿಯಂ ಹಿಡಿದ ಮೇಲೆ ರೆಸಿನ್ ಸುಮ್ನೆ ಕೂರುತ್ತದೆ. ಆಗ ಸುಮಾರು ನೂರಕ್ಕೆ ಹತ್ತರಷ್ಟು ಉಪ್ಪು ಕರಗಿಸಿದ ನೀರು ಬಿಡುತ್ತೇವೆ. ಇದೇ ರೀಜನರೇಷನ್, ಅಂದರೆ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಮತ್ತೆ ಸೀಟಿಗೆ ಕೂರಿಸುವುದು. ಇಲ್ಲಿ ಒಬ್ಬ ಹುಡುಗ ಪ್ರತಿ ವರ್ಷ ಕೇಳುತ್ತಿದ್ದ ಪ್ರಶ್ನೆ ಇದೆ: ಸಾರ್, ರೆಸಿನ್‌ಗೆ ಕ್ಯಾಲ್ಸಿಯಂ ಮೇಲೆ ಪ್ರೀತಿ ಜಾಸ್ತಿ ಅಂತೀರಿ, ಮತ್ತೆ ಸೋಡಿಯಂ ಹೇಗೆ ಅದನ್ನು ಎಬ್ಬಿಸುತ್ತೆ? ಒಳ್ಳೆ ಪ್ರಶ್ನೆ. ಪ್ರೀತಿ ಇರೋದು ನಿಜ, ಆದರೆ ಸಂಖ್ಯೆಗೂ ಬಲ ಇದೆ. ನಾಯಕನಹಟ್ಟಿ ಜಾತ್ರೆ ದಿನ ಬಸ್ಸಿನಲ್ಲಿ ಸೀಟು ಹಿಡಿದು ಕೂತವರೂ ಉಳಿದಾರೆಯೇ? ಹಾಗೆ. ಸೋಡಿಯಂ ನೂಕುನುಗ್ಗಲಿಗೆ ಕ್ಯಾಲ್ಸಿಯಂ ಇಳಿದು ಚರಂಡಿ ಸೇರುತ್ತದೆ.

ಪದಗಳ ವಿಷಯಕ್ಕೆ ಬಂದರೆ, ಅಯಾನು, ಕ್ಯಾಟಯಾನು (ಧನ ಅಯಾನು), ಆನಯಾನು (ಋಣ ಅಯಾನು) ಇವೆಲ್ಲ 1834ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ ಚಾಲ್ತಿಗೆ ತಂದವು. ಗ್ರೀಕಿನಲ್ಲಿ ಅಯಾನು ಅಂದರೆ ಹೋಗುವಂಥದ್ದು, ನಮ್ಮ ಭಾಷೆಯಲ್ಲಿ ಪಯಣಿಗ ಅಂತಿಟ್ಟುಕೊಳ್ಳಿ. ಧನ ಅಯಾನುಗಳನ್ನು ಅದಲುಬದಲು ಮಾಡುವ ರೆಸಿನ್ ಬೇರೆ, ಋಣ ಅಯಾನುಗಳದು ಬೇರೆ. ಇದನ್ನು ನಮ್ಮ ಕಡೆಯವರು ತಿಳಿದಿರಲೇಬೇಕು, ಯಾಕೆಂದರೆ ಚಿತ್ರದುರ್ಗದ ಬೋರ್ ನೀರಿನ ದೊಡ್ಡ ತೊಂದರೆ ಫ್ಲೋರೈಡು. ಅದು ಋಣ ಅಯಾನು. ಮನೆಯ ಸಾಫ್ಟ್‌ನರ್‌ನಲ್ಲಿ ಅದಕ್ಕೆ ಸೀಟೇ ಇಲ್ಲ, ಹಾಗೇ ದಾಟಿಹೋಗುತ್ತದೆ. ನೀರು ಮೆತ್ತಗಾಯಿತು, ಇನ್ನು ಕುಡಿಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುಡಿಯುವ ನೀರಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ, ಅಷ್ಟೇ.

ಇದೆಲ್ಲ ಗೊತ್ತಾದದ್ದು ನೀರಿನಿಂದಲ್ಲ, ಮಣ್ಣಿನಿಂದ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಥಾಮ್ಸನ್ ಎಂಬ ಜಮೀನ್ದಾರರಿದ್ದರು. ಗೊಬ್ಬರದ ಸಾರ ಮಳೆಗೆ ತೊಳೆದುಹೋಗುತ್ತದೆಯೇ ಎಂದು ನೋಡಲು ಮಣ್ಣಿನ ಮೇಲೆ ಅಮೋನಿಯಂ ಸಲ್ಫೇಟ್ ನೀರು ಸುರಿದರು. ಕೆಳಗೆ ತೊಟ್ಟಿಕ್ಕಿದ್ದರಲ್ಲಿ ಇದ್ದದ್ದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ! ಅಮೋನಿಯಂ ಮಣ್ಣಿನಲ್ಲಿ ಕೂತಿತ್ತು, ಕ್ಯಾಲ್ಸಿಯಂ ಇಳಿದು ಬಂದಿತ್ತು. 1850ರಲ್ಲಿ ಅವರೂ, ರಸಾಯನ ವಿಜ್ಞಾನಿ ವೇ ಅವರೂ ಇದನ್ನು ಪ್ರಕಟಿಸಿದರು. ನಮ್ಮ ಎರೆಮಣ್ಣಿನಲ್ಲಿ ಇಂಥ ಸೀಟು ಜಾಸ್ತಿ, ಕೆಂಪು ಮಣ್ಣಿನಲ್ಲಿ ಕಡಿಮೆ. ಕೆಂಪು ಹೊಲದಲ್ಲಿ ಮೆಕ್ಕೆಜೋಳಕ್ಕೆ ಯೂರಿಯಾವನ್ನು ಒಂದೇ ಸಲ ಸುರಿಯಬೇಡಿ, ಕಂತಿನಲ್ಲಿ ಕೊಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ ಎಡವಟ್ಟು ಕೇಳಿ. ಸಾಫ್ಟ್‌ನರ್ ಕೂರಿಸಲು ಬಂದವರು ಉಪ್ಪುನೀರು ಹೊರಹೋಗುವ ಪೈಪನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಬಿಟ್ಟರು. ‘ಗಿಡಕ್ಕೂ ನೀರಾಯ್ತು ಬಿಡಿ ಸಾರ್’ ಅಂದರು. ನಾನೂ ತಲೆಯಾಡಿಸಿದೆ. ನಾಲ್ಕು ತಿಂಗಳಲ್ಲಿ ಎಲೆ ಅಂಚು ಸುಟ್ಟ ಹಾಗಾಯಿತು. ಬುಡದಲ್ಲಿ ನೀರು ಇಂಗದೆ ನಿಲ್ಲತೊಡಗಿತು, ಒಣಗಿದರೆ ನೆಲ ಸಿಮೆಂಟು. ರೆಸಿನ್ ಮೇಲೆ ಮಾಡಿದ ರೀಜನರೇಷನ್ನನ್ನೇ ಹಿತ್ತಲಿನ ಮಣ್ಣಿಗೂ ಮಾಡಿಬಿಟ್ಟಿದ್ದೆ! ಮಣ್ಣಿನ ಸೀಟಿಗೆಲ್ಲ ಸೋಡಿಯಂ ಹತ್ತಿಸಿ, ಕೈಯಾರೆ ಚೌಳು ಭೂಮಿ.

ಭದ್ರಾ ನೀರಿನ ಗದ್ದೆಯವರಿಗೆ ಇದರ ಮದ್ದು ಗೊತ್ತೇ ಇದೆ. ಗೊಬ್ಬರದ ಅಂಗಡಿಯಿಂದ ಒಂದು ಚೀಲ ಜಿಪ್ಸಂ ತಂದೆ, ಮಣ್ಣಿಗೆ ಬೆರೆಸಿ ಚೆನ್ನಾಗಿ ನೀರು ಹಾಯಿಸಿದೆ, ಅಂದರೆ ಮತ್ತೆ ಕ್ಯಾಲ್ಸಿಯಂ ಹತ್ತಿಸಿ ಸೋಡಿಯಂ ಇಳಿಸಿ ತೊಳೆದು ಕಳಿಸಿದೆ. ಪೈಪನ್ನು ಅದೇ ದಿನ ಚರಂಡಿಗೆ ತಿರುಗಿಸಿದೆ. ಕರಿಬೇವು ಉಳಿಯಲಿಲ್ಲ. ಪಕ್ಕದ ದಾಸವಾಳ ಮಾತ್ರ ಈ ಮಳೆಗೆ ಎರಡು ಕಡೆ ಚಿಗುರಿದೆ. ಆ ಡಬ್ಬಿ ಯಾರ ಹತ್ತಿರ ನಿಂತಿತು? ಇತ್ತ ಕೊಡಿ, ಕಾಳು ಕೆಳಗೆ ಚೆಲ್ಲಿದರೆ ಕಾಲು ಜಾರುತ್ತದೆ.