ರೈಲ್ವೆ ಸೇತುವೆನೇ ತಿರುಗುತ್ತೆ! ಮಿಸಿಸಿಪ್ಪಿ ನದಿಯ ಹಳೇ ಜಗಳ

[ಮೇಲಿಂದ ತೆಗೆದ ಶಾಟ್: ಸೇತುವೆಯ ಒಂದು ಭಾಗ ನಿಧಾನವಾಗಿ ತಿರುಗುತ್ತಿದೆ]

ನೋಡ್ತಾ ಇರಿ... ಇದು ರೈಲ್ವೆ ಸೇತುವೆ. ತಿರುಗ್ತಾ ಇದೆ! ಕೆಟ್ಟಿಲ್ಲ, ಕಟ್ಟಿರೋದೇ ಹಾಗೆ. ಅಮೆರಿಕದ ಮಿಸಿಸಿಪ್ಪಿ ನದಿ. ಒಂದು ದಡದಲ್ಲಿ ಇಲಿನಾಯ್‌ನ ರಾಕ್ ಐಲ್ಯಾಂಡ್, ಇನ್ನೊಂದು ದಡದಲ್ಲಿ ಅಯೋವಾದ ಡ್ಯಾವೆನ್‌ಪೋರ್ಟ್. ಹೆಸರು ಗವರ್ನಮೆಂಟ್ ಬ್ರಿಡ್ಜ್, 1896ರದ್ದು. ಮೇಲೆ ರೈಲು, ಕೆಳಗೆ ಕಾರು.

ಹೇಗೆ ತಿರುಗುತ್ತೆ? ಬೀಸೋ ಕಲ್ಲು ನೆನಪಿಸ್ಕೊಳ್ಳಿ. ನಡುವೆ ಗೂಟ ಇರೋದ್ರಿಂದ ಅಷ್ಟು ಭಾರದ ಕಲ್ಲೂ ಒಂದೇ ಕೈಗೆ ತಿರುಗುತ್ತೆ. ಇಲ್ಲಿ ನೀರಲ್ಲಿರೋ ಕಂಬವೇ ಗೂಟ, ಎರಡೂ ಕಡೆ ತೂಕ ಸಮ. ದೋಣಿ ದಾಟೋಕೆ ಕಾಲು ಸುತ್ತು ಸಾಕು. ಇದು ಪೂರ್ತಿ 360 ಡಿಗ್ರಿ ತಿರುಗುತ್ತೆ. ಯಾಕಪ್ಪಾ ಅಷ್ಟು ಉತ್ಸಾಹ!

ಆದ್ರೆ ನನ್ನನ್ನ ಹಿಡಿದು ಕೂರಿಸಿದ್ದು ಇದಕ್ಕೂ ಹಿಂದಿನ ಕಥೆ.

[ಹಳೇ ಚಿತ್ರ: ಉರಿಯುತ್ತಿರುವ ಸ್ಟೀಮ್‌ಬೋಟ್]

1856. ಮಿಸಿಸಿಪ್ಪಿಗೆ ಮೊದಲ ರೈಲ್ವೆ ಸೇತುವೆ ಕಟ್ಟಿದ್ದು ಇದೇ ಊರುಗಳ ನಡುವೆ. ಅದರಲ್ಲೂ ತಿರುಗೋ ಭಾಗ ಇತ್ತು. ರೈಲು ಓಡೋಕೆ ಶುರುವಾಗಿ ಎರಡು ವಾರ ಆಗಿತ್ತಷ್ಟೇ. ಮೇ 6ರಂದು ಎಫಿ ಆಫ್ಟನ್ ಅನ್ನೋ ಸ್ಟೀಮ್‌ಬೋಟ್ ತೆರೆದ ದಾರೀಲಿ ನುಗ್ಗಿ, ಮುಂದಕ್ಕೂ ಹೋಗಿ, ಆಮೇಲೆ ಹಿಂದಕ್ಕೆ ತೇಲಿ ಬಂದು ಕಂಬಕ್ಕೆ ಗುದ್ದಿತು. ಒಲೆ ಉರುಳಿ ಬೆಂಕಿ ಹತ್ತಿತು. ದೋಣಿ ಹೋಯ್ತು, ಸೇತುವೆಯ ಒಂದು ಭಾಗವೂ ಸುಟ್ಟೋಯ್ತು.

ದೋಣಿ ಮಾಲೀಕರು ಕೋರ್ಟಿಗೆ ಹೋದ್ರು: ನಿಮ್ಮ ಕಂಬಗಳಿಂದ ಸುಳಿ ಏಳುತ್ತೆ, ಸೇತುವೆನೇ ಅಡ್ಡಿ. ರೈಲ್ವೆ ಪರ ವಾದಿಸಿದ ವಕೀಲರಲ್ಲಿ ಒಬ್ಬರು ಅಬ್ರಹಾಂ ಲಿಂಕನ್. ಹೌದು, ಅವರೇ! ಅಧ್ಯಕ್ಷರಾಗೋಕೆ ಇನ್ನೂ ಮೂರ್ನಾಲ್ಕು ವರ್ಷ ಇತ್ತು. ಖುದ್ದಾಗಿ ಜಾಗಕ್ಕೆ ಹೋಗಿ, ನೀರಿನ ಸೆಳೆತದ ಲೆಕ್ಕ ಹಾಕಿ ಬಂದು ಹೇಳಿದ್ರು: ನೀರು ತಳ್ಳಿ ದೋಣಿ ಓಡಿಸೋ ಚಕ್ರಗಳಲ್ಲಿ ಬಲಗಡೆಯದ್ದು ಕೆಲಸ ಮಾಡ್ತಿರ್ಲಿಲ್ಲ. ಅಷ್ಟೇ ಅಲ್ಲ, ನದಿಯುದ್ದಕ್ಕೂ ಓಡಾಡೋರಿಗೆ ಎಷ್ಟು ಹಕ್ಕಿದೆಯೋ ಅಡ್ಡ ದಾಟೋರಿಗೂ ಅಷ್ಟೇ ಇದೆ.

ನಾನಂತೂ ಲಿಂಕನ್ ಪಾರ್ಟಿ. ಬಾಗಿಲು ದಾಟಿ ಹೋದವರು ವಾಪಸ್ ಬಂದು ಚೌಕಟ್ಟಿಗೆ ತಲೆ ಚಚ್ಕೊಂಡು, ಬಾಗಿಲೇ ಸರಿಯಿಲ್ಲ ಅಂದ್ರೆ? ಆದ್ರೆ 1857ರಲ್ಲಿ ಜ್ಯೂರಿಯಲ್ಲಿ, ಅಂದ್ರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನರ ಗುಂಪಲ್ಲಿ, ಒಮ್ಮತ ಬರಲಿಲ್ಲ. ತೀರ್ಪೇ ಇಲ್ಲ!

ಟೈಮ್ ಆಯ್ತು, ಬೇಗ ಮುಗಿಸ್ತೀನಿ. ಸೇತುವೆ ತಿರುಗಿದ್ರೆ ಹಳಿ ಏನಾಗುತ್ತೆ? ತಿರುಗೋ ಭಾಗದ ಎರಡೂ ತುದೀಲಿ ಹಳಿ ತುಂಡಾಗೇ ಇರುತ್ತೆ. ಇಂಥ ಸೇತುವೆಗಳಲ್ಲಿ ವಾಪಸ್ ಬಂದ ಮೇಲೆ ತುದಿಗಳ ಕೆಳಗೆ ಬೆಣೆ ಕೂರಿಸಿ, ಲಾಕ್ ಮಾಡಿ, ಆಮೇಲೇ ರೈಲಿಗೆ ಸಿಗ್ನಲ್. ಇನ್ನು ಈಗಿನ ಗವರ್ನಮೆಂಟ್ ಬ್ರಿಡ್ಜ್ ವಿನ್ಯಾಸ ಮಾಡಿದ ಎಂಜಿನಿಯರ್ ರಾಲ್ಫ್ ಮೊಜೆಸ್ಕಿ, ಅವರ ತಾಯಿ ಆಗಿನ ಹೆಸರಾಂತ ನಟಿ. ಅದೇ ಒಂದು ಬೇರೆ ವಿಡಿಯೋ.

[ಕೊನೆಯ ಶಾಟ್: ಬಾರ್ಜ್ ಹೋಗ್ತಿದೆ, ಗೇಟಿನ ಹಿಂದೆ ಕಾರುಗಳ ಸಾಲು]